ನಿಮ್ಮ ಹೆಸರು ಬರೆದಿಲ್ಲ ಅತ್ತೆ

ಮದ್ರಾಸ್
9 ಆಗಸ್ಟ್ 1998

ಪ್ರೀತಿಯ ಅತ್ತೆಗೆ,

ದೇವರಿಗೆ ಸ್ತೋತ್ರ. ಹಾಸ್ಟೆಲಿಗೆ ಬಂದು ಆರು ವಾರವಾಯಿತು. ನೀವು ಕಳಿಸಿದ ಹೆಸರುಕಾಳಿನ ಸಿಹಿ ಮುಂದಿರಿಕೊತ್ತಿನ ಡಬ್ಬಿ ಒಂದೇ ಸಂಜೆಗೆ ಖಾಲಿ; ನನ್ನ ಪಾಲಿಗೆ ಸಿಕ್ಕಿದ್ದು ಎರಡೇ ಉಂಡೆ. ಇಲ್ಲಿ ಮೀನು ಸಾರಿಗೆ ತೆಂಗಿನಕಾಯಿಯನ್ನೇ ಹಾಕುವುದಿಲ್ಲ. ನಮ್ಮ ನಾಗರಕೋಯಿಲ್ ಸಾರು ತಿಂದ ನಾಲಿಗೆಗೆ ಇದನ್ನು ಹೇಗೆ ಒಪ್ಪಿಸಲಿ ಹೇಳಿ. ಮರಗದಂ ಅಕ್ಕ ಮನೆಯಲ್ಲೇ ಕೂತು ಹೊಲಿದುಕೊಟ್ಟ ನೀಲಿ ರವಿಕೆ ನೋಡಿ ಮೂವರು ಹುಡುಗಿಯರು ದರ್ಜಿಯ ವಿಳಾಸ ಕೇಳಿದರು. ನನಗೆ ಇನ್ನೆರಡು ಲಂಗ ಹೊಲಿದು ಕಳಿಸಬೇಕು ಅಂತ ಅಕ್ಕನಿಗೆ ಹೇಳಿ.

ಒಂದು ವಿಷಯವನ್ನು ಅಪ್ಪನಿಗಿಂತ ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ನನ್ನ ಕೋಣೆಯಲ್ಲಿ ವೆನ್ನಿಲಾ ಅಂತ ದಿಂಡುಕ್ಕಲ್ಲಿನ ಹುಡುಗಿ ಇದ್ದಳು. ಅವಳ ಅಪ್ಪನದು ಬೀಗದ ಅಂಗಡಿ. ಪಕ್ಕದ ಕೋಣೆಯ ಹೇಮಾ ಅನ್ನುವವಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ನಾನು ವೆನ್ನಿಲಾಳ ನಿಘಂಟು ತೆಗೆದುಕೊಂಡಿದ್ದೆ. ಅದರೊಳಗೆ ಅವಳು ಹೇಮಾಗೆ ಬರೆದ ಕಾಗದವೊಂದು ಸಿಕ್ಕಿತು. ಹುಡುಗ ಹುಡುಗಿಗೆ ಬರೆಯುವಂಥ ಕಾಗದ ಅತ್ತೆ. ಓದಿ ಮೈಯೆಲ್ಲ ಜುಮ್ಮೆಂದಿತು. ಅಂಥವಳ ಪಕ್ಕದ ಮಂಚದಲ್ಲಿ ಮಲಗುತ್ತಿದ್ದೆನಲ್ಲ!

ಎರಡು ದಿನ ಸುಮ್ಮನಿದ್ದೆ. ಆಮೇಲೆ ನೀವು ಹೇಳುತ್ತಿದ್ದ ಮಾತು ನೆನಪಾಯಿತು, ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರಬೇಡ ಅಂತ. ಕಾಗದ ತೆಗೆದುಕೊಂಡು ಹೋಗಿ ವಾರ್ಡನ್ ಅಮ್ಮನ ಕೈಗೆ ಕೊಟ್ಟೆ. ಅವರು ಓದಿ ಮಡಿಸಿಟ್ಟು, "ನಿನ್ನನ್ನ ಯಾರಮ್ಮ ಬೆಳೆಸಿದ್ದು?" ಅಂದರು. "ಅಮ್ಮ ತೀರಿಕೊಂಡ ಮೇಲೆ ನಮ್ಮತ್ತೆ, ಲೆಕ್ಕದ ಟೀಚರ್" ಅಂದೆ. "ಚೆನ್ನಾಗಿ ಬೆಳೆಸಿದ್ದಾರೆ" ಅಂದರು. ನಿಮ್ಮ ಎದುರಿಗೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಮೊನ್ನೆ ವೆನ್ನಿಲಾಳ ಅಪ್ಪ ಬಂದು ಪೆಟ್ಟಿಗೆ ಹೊತ್ತುಕೊಂಡು ನಡೆದರು. ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹಿಂದೆಯೇ ಹೋದಳು. ಸ್ವಲ್ಪ ಪಾಪ ಅನ್ನಿಸಿತು. ಆದರೂ ಸರಿಯಾದದ್ದನ್ನೇ ಮಾಡಿದೆ ಅಲ್ಲವೇ?

ನಿಮ್ಮ
ಸುಗಂದಿ

*

ನಾಗರಕೋಯಿಲ್
2 ಸೆಪ್ಟೆಂಬರ್ 1998

ಸುಗಂದಿ,

ಕಾಗದ ಬಂತು. ಇಲ್ಲಿ ಆಡಿ ತಿಂಗಳ ಗಾಳಿ ಇನ್ನೂ ನಿಂತಿಲ್ಲ. ಶಾಲೆಯ ಹಂಚು ಎರಡು ಕಡೆ ಹಾರಿಹೋಗಿ ಒಂಬತ್ತನೆಯ ತರಗತಿಯನ್ನು ಜಗಲಿಯಲ್ಲಿ ಕೂರಿಸಿದ್ದೇನೆ.

ಮರಗದಂಗೆ ಮಣಿಕಟ್ಟು ನೋವು. ಲಂಗ ಅಲ್ಲೇ ಅಂಗಡಿಯಲ್ಲಿ ಕೊಂಡುಕೋ.

ಆ ಕಾಗದ ನಿನಗೆ ಬರೆದದ್ದಾಗಿತ್ತೇ?

ಅತ್ತೆ

*

ಮದ್ರಾಸ್
18 ಅಕ್ಟೋಬರ್ 1998

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ಎಷ್ಟು ಚಿಕ್ಕದು! ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತ ಮಧ್ಯದಲ್ಲಿ ಬರೆದಿರಾ? ನಾನು ಬೇರೆಯವರ ಕಾಗದ ಓದಿದೆ ಅಂತ ನಿಮಗೆ ಕೋಪ. ಓದಬಾರದಿತ್ತು, ಒಪ್ಪಿದೆ. ಆದರೆ ಓದಿದ ಮೇಲೆ ಸುಮ್ಮನಿರಲು ಹೇಗೆ ಸಾಧ್ಯ? ಮದುವೆಯನ್ನೂ ಬಿಟ್ಟು, ಯಾರ ಒಂದು ಮಾತಿಗೂ ಆಸ್ಪದ ಕೊಡದೆ, ಶಾಲೆ ಮತ್ತು ಚರ್ಚು ಎಂದು ಇಷ್ಟು ಶುದ್ಧವಾಗಿ ಬದುಕಿದ ನಿಮಗೆ ಅಂಥದ್ದೆಲ್ಲ ಊಹಿಸಲೂ ಆಗುವುದಿಲ್ಲ. ಅದಕ್ಕೇ ನಿಮಗೆ ಅದರ ಹೇಸಿಗೆ ಅರ್ಥವಾಗಿಲ್ಲ ಅಂದುಕೊಳ್ಳುತ್ತೇನೆ.

ಕ್ರಿಸ್‌ಮಸ್ಸಿಗೆ ಅಪ್ಪನ ಮನೆಗೆ ಹೋಗುವುದಿಲ್ಲ. ಅಪ್ಪ ಎರಡನೆಯದಾಗಿ ಕಟ್ಟಿಕೊಂಡ ಚಿಕ್ಕಮ್ಮನ ಮುಖ ನೋಡಿಕೊಂಡು ಹತ್ತು ದಿನ ಕಳೆಯಲು ನನ್ನಿಂದಾಗದು. ನಿಮ್ಮಲ್ಲಿಗೇ ಬರುತ್ತೇನೆ. ಅಕ್ಕನ ಮಣಿಕಟ್ಟಿಗೆ ಇಲ್ಲಿಂದ ಒಳ್ಳೆಯ ಎಣ್ಣೆ ತರುತ್ತೇನೆ. ಅವರ ಕೈಯಲ್ಲಿ ತಲೆ ಬಾಚಿಸಿಕೊಂಡು ಎಷ್ಟು ದಿನವಾಯಿತು!

ಸುಗಂದಿ

*

ನಾಗರಕೋಯಿಲ್
5 ಡಿಸೆಂಬರ್ 1998

ಸುಗಂದಿ,

ಈ ಸಲ ಬರಬೇಡ. ಮನೆಗೆ ಸುಣ್ಣ ಬಳಿಸುತ್ತಿದ್ದೇವೆ, ಮಲಗಲು ಜಾಗವಿರುವುದಿಲ್ಲ. ಅಪ್ಪನ ಮನೆಗೇ ಹೋಗು.

ಅತ್ತೆ

*

ಮದ್ರಾಸ್
26 ಸೆಪ್ಟೆಂಬರ್ 1999

ಪ್ರೀತಿಯ ಅತ್ತೆಗೆ,

ಒಂಬತ್ತು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಸುಣ್ಣ ಬಳಿಸುವ ನೆಪ ಹೇಳಿ ನನ್ನನ್ನು ದೂರವಿಟ್ಟಿರಿ ಅಂತ ಸಿಟ್ಟು ಇಟ್ಟುಕೊಂಡಿದ್ದೆ. ಆ ಸಿಟ್ಟು ಈಗ ನಾಚಿಕೆಯಾಗಿದೆ.

ಈ ವರ್ಷ ನಮಗೆ ಇತಿಹಾಸ ಹೇಳಲು ತಿಲಕವತಿ ಮೇಡಂ ಬಂದಿದ್ದಾರೆ. ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಹುಡುಗಿಯರನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಓದಿಸುತ್ತಾರೆ. ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ನಿಮ್ಮ ಮನೇಲಿ ಯಾರು ಕೊನೇಲಿ ಉಣ್ತಾರೆ?" ಒಬ್ಬಳು ಅಮ್ಮ ಅಂದಳು, ಇನ್ನೊಬ್ಬಳು ಅಜ್ಜಿ ಅಂದಳು. ಮುತ್ತುಮಾರಿ ಅನ್ನುವವಳು, "ನಮ್ಮಮ್ಮ ಉಣ್ಣೋದು ನಿಮ್ಮಂಥವರ ಮನೆ ಹಿತ್ತಲಲ್ಲಿ, ನೀವೆಲ್ಲ ಉಂಡ ಮೇಲೆ" ಅಂದಳು. ಅಪ್ಪನ ಮನೆಯ ಹಿತ್ತಲಲ್ಲಿ ಬೇರೆ ಇಟ್ಟಿರುವ ಅಲ್ಯೂಮಿನಿಯಂ ತಟ್ಟೆ ನನ್ನ ಕಣ್ಣ ಮುಂದೆ ಬಂತು. ಚಿಕ್ಕಂದಿನಿಂದ ನೋಡಿದ್ದೇನೆ, ಒಂದು ದಿನವೂ ಅದೇಕೆ ಬೇರೆ ಎಂದು ಕೇಳಿರಲಿಲ್ಲ.

ನಾನು ನಂಬಿದ್ದೆಲ್ಲ ಹೀಗೆ ಒಂದೊಂದೇ ಕಿತ್ತುಹೋಗುತ್ತ ಬಂತು. ಕೊನೆಗೆ ವೆನ್ನಿಲಾಳ ಬಳಿಗೆ ಬಂದು ನಿಂತೆ. ಅವಳು ಮಾಡಿದ್ದೇನು? ಪ್ರೀತಿಸಿದಳು. ನಾನು ಮಾಡಿದ್ದೇನು? ಮೇಡಂ ಹತ್ತಿರ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು, "ನನ್ನ ಹತ್ರ ಅತ್ತರೆ ಏನು ಬಂತು?" ಅಂದರು.

ದಿಂಡುಕ್ಕಲ್ಲಿಗೆ ಹೋದೆ ಅತ್ತೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಅವಳೇ ಕೂತಿದ್ದಳು, ಕೀಲಿಯೊಂದಕ್ಕೆ ಅರ ಉಜ್ಜುತ್ತ.

"ಯಾವ ಬೀಗ ಬೇಕು?" ಅಂದಳು.

"ವೆನ್ನಿಲಾ, ನಾನು ಸುಗಂದಿ."

"ಕಣ್ಣು ಕಾಣತ್ತೆ ನಂಗೆ. ಯಾವ ಬೀಗ?"

"ಕ್ಷಮೆ ಕೇಳೋಕೆ ಬಂದೆ."

ಅರ ಕೆಳಗಿಟ್ಟಳು. "ಕೇಳು."

ಕೇಳಿದೆ. ಏನೇನೋ ಹೇಳಿದೆ, ಓದಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತಾ? ಈಗ ನಿಂಗೆ ಹಗುರ ಆಯ್ತು, ಹೋಗು" ಅಂದಳು. "ಹೇಮಾನ ಎಲ್ಲಿಗೆ ಮದುವೆ ಮಾಡಿ ಕೊಟ್ಟರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಪೊಂಗಲ್ ಕಳೆದು ತೈ ತಿಂಗಳಲ್ಲಿ ನಂಗೂ ಮದುವೆ. ಹುಡುಗನ ಕಡೆಯವರು ಬಂದಾಗ ನಿನ್ನಂಥೋರು ಯಾರಾದ್ರೂ ಬಂದು ನಿಂತರೆ ನಮ್ಮಪ್ಪ ನನ್ನ ಕೊಂದೇ ಹಾಕ್ತಾನೆ. ಒಂದು ಬೀಗ ತಗೊಂಡು ಹೋಗು, ಬಂದಿದ್ದಕ್ಕೆ ಅರ್ಥ ಇರಲಿ."

ಬೀಗ ಕೊಂಡು ಬಂದೆ.

ಅತ್ತೆ, ಬಸ್ಸಿನಲ್ಲಿ ಬರುತ್ತ ನಿಮ್ಮ ಒಂದು ಸಾಲಿನ ಪ್ರಶ್ನೆ ನೆನಪಾಯಿತು. ಮರಗದಂ ಅಕ್ಕ ನೆನಪಾದರು. ಐದು ವರ್ಷ ಆ ಮನೆಯಲ್ಲಿ ಬೆಳೆದೆ. ನೀವು ಶಾಲೆಯಿಂದ ಬರುವ ಹೊತ್ತಿಗೆ ಅಕ್ಕ ಸರಿಯಾಗಿ ಕಾಫಿಗೆ ನೀರಿಡುತ್ತಿದ್ದರು. ನಿಮ್ಮ ಹೆಜ್ಜೆ ಸದ್ದು ನನಗೆ ಕೇಳುವ ಮೊದಲೇ ಅವರಿಗೆ ಕೇಳುತ್ತಿತ್ತು. ನಾನು ಕುರುಡಿ. ನೀವು ಏನನ್ನೂ ಹೇಳಬೇಕಿಲ್ಲ. ನನಗೆ ಗೊತ್ತಾಗಿದೆ, ಮತ್ತು ಹೆಮ್ಮೆಯಾಗಿದೆ ಅಂತಷ್ಟೇ ಹೇಳಬೇಕಿತ್ತು.

ನಿಮ್ಮ
ಸುಗಂದಿ

*

ನಾಗರಕೋಯಿಲ್
20 ಅಕ್ಟೋಬರ್ 1999

ಪ್ರೀತಿಯ ಸುಗಂದಿ,

ನಿನ್ನ ಕಾಗದವನ್ನು ಮೂರು ದಿನ ಮೇಜಿನ ಖಾನೆಯಲ್ಲಿಟ್ಟಿದ್ದೆ. ಮರಗದಂ ಕೊನೆಗೆ, "ಮಗು ಕೈ ಚಾಚಿದೆ, ನೀವು ಟೀಚರ್ ಥರ ಕೈ ಕಟ್ಟಿಕೊಂಡು ಕೂತಿದ್ದೀರಲ್ಲ" ಅಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಈ ಮನೆಯಲ್ಲಿ ನಿನ್ನ ಕಾಗದಗಳನ್ನು ನಾನು ಗಟ್ಟಿಯಾಗಿ ಓದುವುದು, ಅವಳು ಹೊಲಿಯುತ್ತ ಕೇಳುವುದು ರೂಢಿ. ಕಳೆದ ವರ್ಷದ ಆ ಕಾಗದವನ್ನೂ ಹಾಗೆಯೇ ಓದಲು ಶುರು ಮಾಡಿದೆ. ನೀಲಿ ರವಿಕೆಯ ಮಾತು ಬಂದಾಗ ಅವಳು ನಕ್ಕಳು. ಆಮೇಲಿನದನ್ನು ನಡುವೆ ನಿಲ್ಲಿಸಬೇಕಿತ್ತು, ನನಗೆ ತೋಚಲಿಲ್ಲ, ಕೊನೆಯವರೆಗೂ ಓದಿಬಿಟ್ಟೆ. ಹೊಲಿಗೆ ಯಂತ್ರ ಯಾವಾಗ ನಿಂತಿತೋ ಗೊತ್ತಿಲ್ಲ. "ಪಕ್ಕದ ಮಂಚದಲ್ಲಿ ಮಲಗಿದ್ದಕ್ಕೇ ಮೈ ಜುಮ್ಮಂತಂತೆ ಅವಳಿಗೆ. ಅವಳಿಗೆ ಜ್ವರ ಬಂದಾಗೆಲ್ಲ ನನ್ನ ತೊಡೆ ಮೇಲೇ ಮಲಗ್ತಿದ್ದಳು" ಅಂದಳು. ಅಷ್ಟೇ. ಅವಳ ಮಣಿಕಟ್ಟಿಗೆ ಏನೂ ಆಗಿರಲಿಲ್ಲ.

ನಾವು ಜೊತೆಗಿದ್ದು ಇಪ್ಪತ್ತೊಂದು ವರ್ಷ. ಅವಳು ತೋವಾಳೆಯವಳು, ಹೂ ಕಟ್ಟುವ ಮನೆತನ. ಗಂಡ ಬಿಟ್ಟ ಮೇಲೆ ಶಾಲೆಯ ಸಮವಸ್ತ್ರ ಹೊಲಿಯಲು ಬಂದಳು. ಒಂದು ದಿನ ನನ್ನ ತೋಳಿನ ಅಳತೆ ತೆಗೆದುಕೊಂಡು, ಬರೆದುಕೊಳ್ಳಲಿಲ್ಲ. "ಬರ್ಕೊಳ್ಳಮ್ಮಾ, ಮರೆತುಹೋಗತ್ತೆ" ಅಂದೆ. "ಮರೆಯಲ್ಲ ಟೀಚರ್" ಅಂದಳು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮೇಡಂ ಬಳಿ ಇದಕ್ಕೆಲ್ಲ ಹೆಸರುಗಳಿರಬಹುದು, ನಾವು ಇಡಲಿಲ್ಲ. ಹೆಸರಿಲ್ಲದ್ದರಿಂದಲೇ ಬದುಕಿದೆವು. ಮುಂದಿನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿ, ದಿನವೂ ಅದರ ಹೊದಿಕೆ ಕೊಡವಿ ಹಾಸುತ್ತೇವೆ, ಬಂದವರ ಕಣ್ಣಿಗೆ.

ಇದೆಲ್ಲ ನಿನ್ನಲ್ಲೇ ಇರಲಿ. ಕ್ರಿಸ್‌ಮಸ್ಸಿಗೆ ಬಾ. ಲಂಗದ ಬಟ್ಟೆ ಕತ್ತರಿಸಿಟ್ಟಿದ್ದಾಳೆ.

ಅತ್ತೆ

*

ಮದ್ರಾಸ್
30 ಮಾರ್ಚ್ 2000

ನನ್ನ ಪ್ರೀತಿಯ ಅತ್ತೆಗೂ ಅಕ್ಕನಿಗೂ,

ಇದನ್ನು ಗಟ್ಟಿಯಾಗಿ ಓದಿ ಅತ್ತೆ, ಅಕ್ಕ ಯಂತ್ರ ನಿಲ್ಲಿಸಿ ಕೇಳಲಿ!

ಮಹಿಳಾ ದಿನದ ಸಂಚಿಕೆಗೆ ಕಾಲೇಜು ಪತ್ರಿಕೆಯಲ್ಲಿ ಒಂದು ಲೇಖನ ಬರೆದೆ. ಹೆಸರು "ಎರಡನೆಯ ಮಂಚ". ಮೇಡಂ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಗೆಳೆಯರೊಬ್ಬರು ವಾರಪತ್ರಿಕೆಯಲ್ಲಿದ್ದಾರೆ, ಅವರು ಕೇಳಿ ಪಡೆದು ಅಚ್ಚು ಹಾಕಿದರು. ತಮಿಳುನಾಡಿಗೆಲ್ಲ ಹೋಗುವ ಪತ್ರಿಕೆ! ಪ್ರತಿ ಜೊತೆಗಿಟ್ಟಿದ್ದೇನೆ. ಕ್ರಿಸ್‌ಮಸ್ ರಜೆಯಲ್ಲಿ ನಿಮ್ಮಿಬ್ಬರ ನಡುವೆ ಕೂತು ಮರಗೆಣಸು ತಿನ್ನುವಾಗಲೇ ಇದು ನನ್ನ ತಲೆಯಲ್ಲಿ ಓಡುತ್ತಿತ್ತು. ಮೊದಲೇ ಹೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ.

ಗಾಬರಿಯಾಗಬೇಡಿ, ನಿಮ್ಮ ಹೆಸರು ಬರೆದಿಲ್ಲ ಅತ್ತೆ. ಊರಿನ ಹೆಸರೂ ಇಲ್ಲ. "ದಕ್ಷಿಣದ ಗಾಳಿ ಊರಿನ ಒಬ್ಬ ಲೆಕ್ಕದ ಟೀಚರ್" ಅಂತಷ್ಟೇ ಇದೆ. ತೋಳಿನ ಅಳತೆಯ ಮಾತನ್ನು ಇದ್ದ ಹಾಗೆಯೇ ಹಾಕಿದೆ. ಅದಕ್ಕಿಂತ ಚಂದದ ಪ್ರೀತಿಯ ಮಾತು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಎಲ್ಲೆಲ್ಲಿಂದಲೋ ಹುಡುಗಿಯರು ನನಗೆ ಕಾಗದ ಬರೆಯುತ್ತಿದ್ದಾರೆ, ಇಲ್ಲಿಯವರೆಗೆ ಹನ್ನೊಂದು. ಒಬ್ಬಳು, "ಆ ಟೀಚರ್ ಬದುಕಿದ್ದಾರೆ ಅನ್ನುವುದೇ ನನಗೆ ಸಾಕು" ಅಂತ ಬರೆದಿದ್ದಾಳೆ. ನೋಡಿದಿರಾ, ನೀವು ಎಷ್ಟು ಜನರಿಗೆ ಬೇಕಾಗಿದ್ದೀರಿ!

ತಕ್ಷಣ ಬರೆಯಿರಿ.

ಸುಗಂದಿ

*

ಮದ್ರಾಸ್
7 ಮೇ 2000

ಅತ್ತೆ,

ಇದು ನಾಲ್ಕನೆಯ ಕಾಗದ. ಶಾಲೆಗೆ ಫೋನ್ ಮಾಡಿದೆ. "ಅವರು ಬರ್ತಿಲ್ಲ" ಅಂದು ಇಟ್ಟುಬಿಟ್ಟರು. ರಜೆಯಲ್ಲಿದ್ದೀರಾ? ಹುಷಾರಿದ್ದೀರಾ?

ಲೇಖನ ನಿಮಗೆ ಹಿಡಿಸಲಿಲ್ಲ ಅನ್ನಿಸುತ್ತದೆ. ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಾವು ಹೆದರಿ ಬಾಯಿ ಮುಚ್ಚಿಕೊಳ್ಳಬೇಕು ಅಂತಲೇ ಈ ಸಮಾಜ ಕಾಯುತ್ತಿರುವುದು. ಇಪ್ಪತ್ತೊಂದು ವರ್ಷ ಧೈರ್ಯವಾಗಿ ಬದುಕಿದ ನೀವೇ ಈಗ ಒಂದು ಲೇಖನಕ್ಕೆ ಹೆದರಿದರೆ ನನಗೆ ನೋವಾಗುತ್ತದೆ.

ಸುಗಂದಿ

*

ನಾಗರಕೋಯಿಲ್
11 ಜುಲೈ 2000

ಸುಗಂದಿ,

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಪತ್ರಿಕೆ ನಮ್ಮ ಸ್ಟಾಫ್ ರೂಮಿಗೂ ಬರುತ್ತದೆ. ಲೆಕ್ಕದ ಟೀಚರ್, ಮದುವೆಯಾಗದವಳು, ಮನೆಯಲ್ಲಿ ಸಮವಸ್ತ್ರ ಹೊಲಿಯುವ ಹೆಂಗಸು, ಮುಂದಿನ ಕೋಣೆಯಲ್ಲಿ ಹೂವಿನ ಹೊದಿಕೆಯ ಮಂಚ. ಈ ಊರಿನಲ್ಲಿ ಅಂಥವರು ಎಷ್ಟು ಮಂದಿ ಇದ್ದೇವೆ ಅಂತ ನೀನು ಎಣಿಸಿದ್ದೆ? ಲೇಖನದ ಕೆಳಗೆ ನಿನ್ನ ಪೂರ್ತಿ ಹೆಸರಿತ್ತು. ನನ್ನ ತಮ್ಮನ ಮಗಳ ಹೆಸರು ನಮ್ಮ ಚರ್ಚಿನಲ್ಲಿ ಯಾರಿಗೆ ಗೊತ್ತಿಲ್ಲ?

ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಕರೆಸಿದರು. ನನ್ನ ಹತ್ತಿರವೇ ಲೆಕ್ಕ ಕಲಿತವರು. ಕೂತುಕೊಳ್ಳಿ ಅನ್ನಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ತಳ್ಳಿ, "ಟೀಚರ್, ಇದು ನೀವಲ್ಲ ಅಂತ ಒಂದು ಮಾತು ಹೇಳಿಬಿಡಿ, ನಾನು ನಂಬ್ತೀನಿ" ಅಂದರು. ಅವರು ಸುಳ್ಳನ್ನು ಬೇಡುತ್ತಿದ್ದರು, ಕೊಡಬಹುದಿತ್ತು. ಇಪ್ಪತ್ತೊಂದು ವರ್ಷ ಕೊಟ್ಟಿದ್ದೆವಲ್ಲ. ಆದರೆ ಆ ಪುಟದ ಮೇಲೆ ಮರಗದಂಳ ಮಾತು ಅಚ್ಚಾಗಿತ್ತು. ಅದರ ಮುಂದೆ ನಿಂತು ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಹಾಗಾದ್ರೆ ವಿಚಾರಣೆ ಮಾಡ್ಬೇಕಾಗತ್ತೆ. ಹಳೇ ವಿದ್ಯಾರ್ಥಿನಿಯರನ್ನೆಲ್ಲ ಕರೆದು ಕೇಳ್ಬೇಕಾಗತ್ತೆ" ಅಂದರು.

"ಏನಂತ ಕೇಳ್ತೀರಿ?"

ಅವರು ತಲೆ ತಗ್ಗಿಸಿದರು. ನನಗೆ ಅರ್ಥವಾಯಿತು. ಇಪ್ಪತ್ತೆಂಟು ವರ್ಷ ನಾನು ಪಾಠ ಹೇಳಿದ ಹುಡುಗಿಯರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, ಟೀಚರ್ ನಿನ್ನ ಮೈ ಮುಟ್ಟಿದ್ದರಾ ಅಂತ ಕೇಳುವುದು. ಅವರ ಮೇಜಿನ ಮೇಲಿದ್ದ ಕಾಗದ ತೆಗೆದುಕೊಂಡು ಅಲ್ಲೇ ರಾಜೀನಾಮೆ ಬರೆದುಕೊಟ್ಟೆ.

ಮುಂದಿನ ವಾರ ಮರಗದಂಳ ತಮ್ಮಂದಿರು ವ್ಯಾನು ತಂದರು. ದೊಡ್ಡವನು ಬಾಗಿಲಲ್ಲೇ ನಿಂತು, "ಬರ್ತೀಯೋ, ಇಲ್ಲಾ ಬೀದೀಲಿ ನಿಂತು ಕೂಗಲೋ?" ಅಂದ. ಅವಳು ಹೋಗುವುದಿಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಸೀರೆ ಮಡಿಸಲು ಒಳಗೆ ಹೋದಳು. ಹಿಂದೆ ಹೋಗಿ, "ಏನೇ ಇದು?" ಅಂದೆ. "ನಿಮ್ಮ ಕೆಲಸ ಹೋಯ್ತು. ಬೀದಿಯೋರು ನೋಡೋ ಹಾಗೆ ನಿಮ್ಮ ಮಾನನೂ ಹೋಗೋದು ನನ್ನ ಕಣ್ಣಲ್ಲಿ ನೋಡಕ್ಕಾಗಲ್ಲ ಟೀಚರ್" ಅಂದಳು. ಯಂತ್ರಕ್ಕೆ ವ್ಯಾನಿನಲ್ಲಿ ಜಾಗವಿಲ್ಲ ಅಂದರು. ಅದು ಇಲ್ಲೇ ಇದೆ.

ಈಗ ಶುಕ್ರವಾರ ವಳ್ಳಿಯೂರಿಗೆ ಟ್ಯೂಷನ್ ಹೇಳಲು ಹೋಗುತ್ತೇನೆ. ಬಸ್ಸು ತೋವಾಳೆಯಲ್ಲಿ ಒಂದು ನಿಮಿಷ ನಿಲ್ಲುತ್ತದೆ. ಅವರ ಮನೆ ರಸ್ತೆಗೇ ಇದೆ. ಜಗಲಿಯಲ್ಲಿ ಹೆಂಗಸರ ಜೊತೆ ಕೂತು ಹೂ ಕಟ್ಟುತ್ತಿರುತ್ತಾಳೆ. ತಲೆ ಎತ್ತುವುದಿಲ್ಲ.

ನಾನು ಹೆದರಿದೆ ಅಂತ ನೀನು ಬರೆದಿದ್ದೆ. ನಿನ್ನ ಅಭಿಪ್ರಾಯಗಳು ಬದಲಾಗಿವೆ, ನನಗೆ ಸಂತೋಷವೇ. ಆದರೆ ನಿನ್ನ ಕೈ ಬದಲಾಗಲಿಲ್ಲ. ಮೊದಲು ವೆನ್ನಿಲಾಳ ಕಾಗದ ಒಯ್ದು ವಾರ್ಡನ್ನಿಗೆ ಕೊಟ್ಟೆ, ಆಮೇಲೆ ನನ್ನ ಕಾಗದ ಒಯ್ದು ಪತ್ರಿಕೆಗೆ ಕೊಟ್ಟೆ. ಎರಡು ಸಲವೂ ನಿನ್ನನ್ನು ಹೊಗಳಿದರು.

ಅತ್ತೆ

*

ಮದ್ರಾಸ್
23 ಜುಲೈ 2000

ಅತ್ತೆ,

ನಿಮ್ಮ ಕಾಗದ ಓದಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಮೇಡಂಗೆ ತೋರಿಸಿದೆ. ಇಲ್ಲ, ತೋರಿಸಲಿಲ್ಲ, ಹೇಳಿದೆ ಅಷ್ಟೇ. ಅವರಿಗೆ ವಕೀಲರು ಗೊತ್ತು. ಬಲವಂತದ ರಾಜೀನಾಮೆ ನಿಲ್ಲುವುದಿಲ್ಲವಂತೆ. ಇನ್ನೂರು ಸಹಿ ಸಂಗ್ರಹಿಸಿ ಶಾಲೆಯ ಗೇಟಿನ ಮುಂದೆ ಕೂರೋಣ ಅನ್ನುತ್ತಿದ್ದಾರೆ ಎಲ್ಲರೂ. ನೀವು ಒಂದು ಮಾತು ಹೇಳಿದರೆ ಸಾಕು, ಮುಂದಿನ ರೈಲಿಗೇ ಹೊರಡುತ್ತೇವೆ. ನನ್ನ ತಪ್ಪನ್ನು ತಿದ್ದಲು ಒಂದು ಅವಕಾಶ ಕೊಡಿ.

ಸುಗಂದಿ

*

ನಾಗರಕೋಯಿಲ್
1 ಆಗಸ್ಟ್ 2000

ಬರಬೇಡಿ. ಯಾರೂ.

ಅತ್ತೆ

*

ತೂತ್ತುಕುಡಿ
16 ಜನವರಿ 2001

ಅತ್ತೆ,

ಪೊಂಗಲ್ ರಜೆಗೆ ಅಪ್ಪನ ಮನೆಗೆ ಬಂದಿದ್ದೇನೆ. ನಿನ್ನೆ ಒಬ್ಬಳೇ ತೋವಾಳೆಗೆ ಹೋಗಿಬಂದೆ. ಯಾರಿಗೂ ಹೇಳಲಿಲ್ಲ. ಮೇಡಂಗೂ ಬರೆಯುವುದಿಲ್ಲ.

ಹೂ ಕೊಳ್ಳುವವಳ ಹಾಗೆ ಜಗಲಿಗೆ ಹೋದೆ. ಅಕ್ಕ ಬಾಡಿದ್ದಾರೆ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ಅವರ ತಮ್ಮನ ಹೆಂಡತಿ ಪಕ್ಕದಲ್ಲೇ ಇದ್ದಳು. "ಎಷ್ಟು ಮೊಳ ಬೇಕಮ್ಮಾ?" ಅಂದರು. "ಎರಡು" ಅಂದೆ. ಅವಳು ಚೂರು ನಾರು ತರಲು ಒಳಗೆ ಹೋದಾಗ, "ಅಕ್ಕಾ, ನನ್ನಿಂದ ಏನಾಗ್ಬೇಕು ಹೇಳಿ" ಅಂದೆ. ನಾನು ಮೊದಲ ಸಲ ಯಾರನ್ನೋ ಹೀಗೆ ಕೇಳಿದ್ದು.

ಅವರು ತಲೆ ಎತ್ತದೆಯೇ ಹೇಳಿದರು: "ಟೀಚರ್ ಬಸ್ಸಲ್ಲಿ ಬಲಗಡೆ ಕೂತಿರ್ತಾರೆ. ನನಗೆ ಸರಿಯಾಗಿ ಕಾಣಲ್ಲ. ಎಡಗಡೆ ಕೂತ್ಕೊಳ್ಳೋಕೆ ಹೇಳು. ಬರೆಯೋದಾದ್ರೆ ಇದನ್ನ ಬರಿ, ಬೇರೇನೂ ಬರೀಬೇಡ."

ಬೇರೇನೂ ಬರೆಯುವುದಿಲ್ಲ.

ಸುಗಂದಿ

*

ನಾಗರಕೋಯಿಲ್
19 ಫೆಬ್ರವರಿ 2001

ಸುಗಂದಿ,

ನಿನ್ನ ಕಾಗದ ಬಂತು. ಬಲಗಡೆ ಕೂರುತ್ತಿದ್ದದ್ದು ಬೇಕೆಂದೇ. ನನ್ನನ್ನು ನೋಡಿದರೆ ಅವಳಿಗೆ ಕಷ್ಟವಾದೀತು ಅಂದುಕೊಂಡಿದ್ದೆ. ಜನರ ತಲೆಗಳ ನಡುವಿನಿಂದ ಕಂಡಷ್ಟು ಅವಳನ್ನು ನೋಡುತ್ತಿದ್ದೆ.

ನೀನು ಹೇಳಿದ ಮೇಲೆ ಎಡಗಡೆ ಕೂತೆ. ಅವಳು ತಲೆ ಎತ್ತಿ ನೋಡಿದಳು. ನಾನು ತೆಳ್ಳಗಾಗಿದ್ದೇನೆ ಅಂತ ಕೈಯಲ್ಲೇ ಬೈದಳು, ಹೂವಿನ ದಾರ ಹಿಡಿದಿದ್ದ ಕೈ. ಪಕ್ಕದಲ್ಲಿದ್ದ ತಮ್ಮನ ಹೆಂಡತಿ ಬಸ್ಸಿನತ್ತ ತಿರುಗಿದ್ದು ನನಗೆ ಕಾಣಿಸಿತು, ಮರಗದಂಗೆ ಕಾಣಿಸಲಿಲ್ಲ.

ಆಮೇಲಿನ ಎರಡು ಶುಕ್ರವಾರ ಜಗಲಿಯಲ್ಲಿ ಅವಳಿಲ್ಲ. ಹೂ ಕಟ್ಟುವ ಕೆಲಸವನ್ನು ಹಿತ್ತಲಿಗೆ ಹಾಕಿದ್ದಾರೆ ಅಂತ ಕಂಡಕ್ಟರ್ ಹೇಳಿದ. ಇದು ನಿನ್ನ ತಪ್ಪಲ್ಲ. ನಿನ್ನ ತಪ್ಪಲ್ಲದ್ದನ್ನು ನಿನ್ನ ಮೇಲೆ ಹಾಕುವುದಿಲ್ಲ.

ನಿನಗೆ ಕ್ಷಮೆ ಬೇಕು ಅಂತ ಗೊತ್ತು. ನೀನು ಕೇಳದಿದ್ದರೂ ಸಾಲುಗಳ ನಡುವೆ ಕಾಣುತ್ತದೆ. ದಿನವೂ ಹುಡುಕಿ ನೋಡುತ್ತೇನೆ. ಈಗ ನನ್ನ ಹತ್ತಿರ ಇಲ್ಲ. ನಾನು ಲೆಕ್ಕದ ಟೀಚರ್, ಇಲ್ಲದ್ದನ್ನು ಇದೆ ಅಂತ ಬರೆಯಲಾರೆ. ಬಂದ ದಿನ ಬರೆಯುತ್ತೇನೆ.

ಪರೀಕ್ಷೆ ಚೆನ್ನಾಗಿ ಮಾಡು.

ಅತ್ತೆ